ಹಿತ್ತಲ ನೀಹಾರಿಕೆ, ಸಂಪಾದಕನ ಕೈ

1883ರ ಜನವರಿ 30ರಂದು ಲಂಡನ್ನಿನ ಈಲಿಂಗ್‌ನಲ್ಲಿ ಆಂಡ್ರ್ಯೂ ಏನ್ಸ್ಲಿ ಕಾಮನ್ ತಮ್ಮ ಮನೆಯ ತೋಟದಲ್ಲಿದ್ದ 36 ಅಂಗುಲದ ದೂರದರ್ಶಕದಿಂದ ಓರಿಯನ್ ನೀಹಾರಿಕೆಯ ಫೋಟೋ ತೆಗೆದರು. ವೃತ್ತಿಯಲ್ಲಿ ಅವರು ನೈರ್ಮಲ್ಯ ಎಂಜಿನಿಯರ್; ಆಕಾಶ ಅವರ ಹವ್ಯಾಸ. ಇದೇ ನೀಹಾರಿಕೆಯ ಮೊದಲ ಫೋಟೋವನ್ನು ಅಮೆರಿಕದ ಹೆನ್ರಿ ಡ್ರೇಪರ್ 1880ರಲ್ಲೇ ತೆಗೆದಿದ್ದರು. ಆದರೆ ದೂರದರ್ಶಕಕ್ಕೆ ಕಣ್ಣಿಟ್ಟವರಿಗೂ ಕಾಣದ ನಕ್ಷತ್ರಗಳು ಕಾಮನ್ ಅವರ ಫಲಕದಲ್ಲಿ ಮೂಡಿದ್ದವು. ಅಲ್ಲಿಯವರೆಗೆ ನೀಹಾರಿಕೆಯನ್ನು ಕೈಯಲ್ಲಿ ಬಿಡಿಸುತ್ತಿದ್ದರು. ಒಬ್ಬರ ಚಿತ್ರ ಇನ್ನೊಬ್ಬರದಕ್ಕೆ ಹೊಂದದಿದ್ದಾಗ ಬದಲಾದದ್ದು ನೀಹಾರಿಕೆಯೋ, ಕೈಯೋ ಎಂಬ ಜಗಳವಿತ್ತು.

ಫೋಟೋ ಆ ಜಗಳವನ್ನು ಮುಗಿಸಿತೆಂದು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಕಾಮನ್ ಅವರ ಚಿತ್ರದಲ್ಲಿ ಅಂಚಿನ ಮಸುಕು ಮೋಡಗಳಿವೆ, ನಡುವಿನ ಭಾಗ ಬಿಳಿಯಾಗಿ ಸುಟ್ಟುಹೋಗಿದೆ. ಒಂದನ್ನು ಉಳಿಸಲು ಇನ್ನೊಂದನ್ನು ಕಳೆದುಕೊಳ್ಳಲೇಬೇಕಿತ್ತು. ಅದು ಆಯ್ಕೆ, ಆಯ್ಕೆಯಿದ್ದಲ್ಲಿ ಕೈಯೂ ಇದೆ.

ಇಂದಿನ ಹವ್ಯಾಸಿ ಸಣ್ಣ ದೂರದರ್ಶಕವನ್ನು ತಾರಸಿಯಲ್ಲಿಟ್ಟು ನೂರಾರು ಫ್ರೇಮ್ ತೆಗೆದು ಒಂದರ ಮೇಲೊಂದು ಪೇರಿಸುತ್ತಾನೆ. ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ ನನ್ನಂಥವರಿಗೆ ಇದು ಪರಿಚಿತ ಕೆಲಸ. ಒಂದೊಂದು ಪ್ರತಿಯಲ್ಲಿ ಒಂದೊಂದು ಕಡೆ ಬಿದ್ದ ತಪ್ಪು ಹೋಲಿಕೆಯಲ್ಲಿ ತಾನೇ ಉದುರುತ್ತದೆ; ಎಲ್ಲ ಪ್ರತಿಗಳಿಗೂ ಒಂದೇ ಮೂಲದಿಂದ ಬಂದ ತಪ್ಪು ಉದುರುವುದಿಲ್ಲ. ಇಲ್ಲಿಯೂ ಹಾಗೆಯೇ. ಫ್ರೇಮ್‌ಗಳು ನಾಲ್ಕು ಪಟ್ಟಾದರೆ ಗದ್ದಲ ಅರ್ಧಕ್ಕಿಳಿಯುತ್ತದೆ. ಆದರೆ ಮಸೂರದ ಧೂಳು, ಸೆನ್ಸರ್‌ನ ಕಲೆ, ಬೀದಿದೀಪದ ಹೊಳಪು ಪ್ರತಿ ಫ್ರೇಮಿನಲ್ಲೂ ಇರುವುದರಿಂದ ನಿಜದ ವೇಷದಲ್ಲಿ ಉಳಿದುಬಿಡುತ್ತವೆ. ಅದಕ್ಕೇ ಮುಚ್ಚಳ ಹಾಕಿ ಕತ್ತಲೆಯ ಫ್ರೇಮ್, ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸಮಬೆಳಕಿನ ಫ್ರೇಮ್ ತೆಗೆಯುತ್ತಾರೆ. ತನ್ನ ಉಪಕರಣದ ದೋಷವನ್ನೇ ಮೊದಲು ಚಿತ್ರಿಸಿಕೊಳ್ಳುವ ಈ ಶಿಸ್ತು ನಮ್ಮ ವಿಮರ್ಶೆಗೂ ಬೇಕಾದದ್ದು.

ಬಣ್ಣದ ಬಗ್ಗೆ ನನಗೆ ತಕರಾರಿಲ್ಲ. ಹೈಡ್ರೋಜನ್, ಗಂಧಕ ಎರಡರ ಬೆಳಕೂ ಕೆಂಪೇ. ಅವನ್ನು ಬೇರ್ಪಡಿಸಲು ಹೈಡ್ರೋಜನ್ನಿಗೆ ಹಸಿರು ಕೊಟ್ಟರೆ ಅದು ಸುಳ್ಳಲ್ಲ, ಟಿಪ್ಪಣಿ; ಹಾಗೆಂದು ಹೇಳಿದರೆ ಸಾಕು. ತಕರಾರಿರುವುದು ಬೇರೆ ಚಿತ್ರಗಳಿಂದ ಕಲಿತು, ಗದ್ದಲ ಅಳಿಸುವ ನೆಪದಲ್ಲಿ ಇಲ್ಲದ ಎಳೆಗಳನ್ನು ನೇಯಬಲ್ಲ ತಂತ್ರಾಂಶಗಳ ಬಗ್ಗೆ. ಅವು ತುಂಬಿದ ಜಾಗಕ್ಕೆ ಕಂಸವಿರುವುದಿಲ್ಲ.

ಕಂಸದ ಬೆಲೆ ನನಗೆ ಗೊತ್ತು. ಹುಳು ತಿಂದ ಒಂದು ಗರಿಯಲ್ಲಿ ಅಳಿದಿದ್ದ ಎರಡಕ್ಷರವನ್ನು ಛಂದಸ್ಸಿನ ಬಲದಿಂದ ತುಂಬಿ, ಕಂಸ ಹಾಕಲು ಮರೆತಿದ್ದೆ. ತಿಂಗಳುಗಳ ನಂತರ ಅದೇ ಎರಡಕ್ಷರವನ್ನು ಕವಿಯ ಮಾತೆಂದು ನಂಬಿ ಅದರ ಮೇಲೆ ಒಂದು ಪುಟ ವ್ಯಾಖ್ಯಾನ ಬರೆದೆ. ಮೂಲದ ಚಿತ್ರವನ್ನು ಮತ್ತೆ ತೆರೆದಾಗ ಅಲ್ಲಿದ್ದದ್ದು ತೂತು ಮಾತ್ರ.

ಕಾಮನ್ ಅವರ ಚಿತ್ರದ ನಡುವಿನ ಆ ಬಿಳಿ ಕಲೆಯನ್ನು ನಾನು ಮತ್ತೆ ಮತ್ತೆ ನೋಡುವುದು ಇದಕ್ಕೇ. ತನಗೆ ಕಾಣದ್ದನ್ನು ಅದು ತುಂಬಲು ಹೋಗಿಲ್ಲ.