ಓಣಿಗೊಬ್ಬ ಹಿಟ್ಲರ್

ಹೊಸಪೇಟೆಯ ನಮ್ಮ ಓಣಿಯಲ್ಲಿ ಒಬ್ಬ ಹಿಟ್ಲರ್ ಇದ್ದಾರೆ. ಪಕ್ಕದ ಮನೆ ಅಂಕಲ್. ಅವರ ಬೈಕ್ ಸದ್ದು ಕೇಳಿದ್ರೆ ಸಾಕು, "ನಮ್ಮ ಹಿಟ್ಲರ್ ಬಂದ್ರು" ಅಂತ ಆಂಟಿ ನಗ್ತಾ ಟಿವಿ ವಾಲ್ಯೂಮ್ ಕಡಿಮೆ ಮಾಡ್ತಿದ್ರು. ಟಿವಿಯಲ್ಲಿ ಬರ್ತಿದ್ದದ್ದೂ "ಹಿಟ್ಲರ್ ಕಲ್ಯಾಣ"ವೇ.

ಜೀ ಕನ್ನಡದಲ್ಲಿ 2021ರಲ್ಲಿ ಶುರುವಾದ ಈ ಧಾರಾವಾಹಿ 2024ರವರೆಗೂ ಓಡಿತು. ದಿಲೀಪ್ ರಾಜ್ ಮಾಡಿದ ಎಜೆ ಪಾತ್ರ ಚೆನ್ನಾಗೇ ಇತ್ತು: ಶಿಸ್ತು, ಸಿಡುಕು, ಒಳಗೆ ಮೆತ್ತನೆ ಮನಸ್ಸು. ನನ್ನ ತಕರಾರು ಹೆಸರಿನ ಮೇಲೆ. ಅರವತ್ತು ಲಕ್ಷ ಯಹೂದಿಗಳನ್ನು ಕೊಲ್ಲಿಸಿದವನ ಹೆಸರು ನಮ್ಮಲ್ಲಿ ಸ್ಟ್ರಿಕ್ಟ್ ಗಂಡನಿಗೆ ಮುದ್ದಿನ ಅಡ್ಡಹೆಸರಾಗಿದೆ.

"ಇಲ್ಲಿ ಯಹೂದಿಗಳೇ ಇಲ್ವಲ್ಲ, ಯಾರಿಗೆ ನೋವಾಗುತ್ತೆ?" ಅನ್ನಬಹುದು. ಬೇರೆ ಊರಲ್ಲಿ ಸರಿ. ಆದರೆ ಹಂಪಿಯಲ್ಲಿ ತುಂಗಭದ್ರೆ ದಾಟಿದರೆ ವಿರೂಪಾಪುರ ಗಡ್ಡೆ. ಸೈನ್ಯದ ಸೇವೆ ಮುಗಿಸಿ ತಿರುಗಾಟಕ್ಕೆ ಹೊರಟ ಇಸ್ರೇಲಿ ಹುಡುಗ ಹುಡುಗಿಯರು ವರ್ಷಗಟ್ಟಲೆ ಅಲ್ಲಿ ತಂಗುತ್ತಿದ್ದರು, ಬೋರ್ಡುಗಳೂ ಹೀಬ್ರೂನಲ್ಲಿದ್ದವು. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ರೆಸಾರ್ಟುಗಳು ನೆಲಸಮವಾದವು. ಅದು ಅಕ್ರಮ ಕಟ್ಟಡಗಳ ವಿಷಯ. ನಮ್ಮ ಕಟ್ಟೆ ಪಂಚಾಯ್ತಿಯಲ್ಲಿ ಮಾತ್ರ "ಇಸ್ರೇಲಿಗಳಂದ್ರೆ ಗಾಂಜಾ" ಅಂತಾಯ್ತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಇಸ್ರೇಲಿ ಪ್ರವಾಸಿ ಮತ್ತು ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರವಾಯಿತು. ಕಾಲುವೆಗೆ ದೂಡಲಾದ ಒಡಿಶಾದ ಯುವಕ ಸತ್ತ. ಆಗ ನನ್ನ ಕಿವಿಗೆ ಬಿದ್ದ ಮೊದಲ ಮಾತು: "ರಾತ್ರಿ ಅಲ್ಲಿಗೆ ಯಾಕ ಹೋಗಿದ್ರು? ಆ ಮಂದಿನೇ ಹಂಗ."

ವಿಚಿತ್ರ ಅಂದ್ರೆ, ಅದೇ ಕಟ್ಟೆಯಲ್ಲಿ ಇಸ್ರೇಲ್ ಸೈನ್ಯವನ್ನು ಹೊಗಳುವವರೇ "ಈ ದೇಶಕ್ಕೊಬ್ಬ ಹಿಟ್ಲರ್ ಬೇಕು" ಅಂತಲೂ ಅಂತಾರೆ. ಅವರಿಗೆ ಚರಿತ್ರೆ ಬೇಕಿಲ್ಲ, ಹೊಡೆಯೋ ಕೈ ಬೇಕು. ಗಾಜಾ ಬಗ್ಗೆ ಇಸ್ರೇಲ್ ಸರ್ಕಾರವನ್ನು ಪ್ರಶ್ನಿಸೋಣ, ಅದು ಬೇರೆ. ಆದರೆ ಆ ಲೆಕ್ಕವನ್ನು ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ದೋಣಿಗೆ ಕಾಯ್ತಿರೋ ಹುಡುಗಿಯ ಹತ್ತಿರ ಕೇಳೋದು ದ್ವೇಷವೇ.

ಈಚೆಗೆ ಆಂಟಿಗೆ ಅಳುಕುತ್ತಲೇ ಹೇಳಿದೆ: ಗ್ಯಾಸ್ ಕೋಣೆಗಳು, ಅಲ್ಲಿಗೆ ನೂಕಿದ ಮಕ್ಕಳು, ಅರವತ್ತು ಲಕ್ಷ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. "ಸಿಟ್ಟಿನ ಮನುಷ್ಯ ಅಂತಷ್ಟೇ ತಿಳ್ಕೊಂಡಿದ್ದೆ ಕಣಪ್ಪಾ. ಟಿವಿಯೋರು ಓದಿದೋರಲ್ವಾ, ಅವರ್ಯಾಕ ಆ ಹೆಸರಿಟ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಓದಿದವನೇ. ಅವರ ಪಕ್ಕ ಕೂತು ಅದನ್ನೇ ನೋಡಿ ನಕ್ಕವನು.