ಗಿಡ್ಡ ತೋಳು

ಹಾಲು ಕಾಯುವಷ್ಟು ಹೊತ್ತು ದಿನಾ ಮನೆಯವರ ಚಿತ್ರ ಗೀಚುವುದು ನನ್ನ ಹುಚ್ಚು. “ಅಲ್ರೀ, ನಿಮ್ಮ ಯಜಮಾನರ ಕೈ ಭುಜಕ್ಕೆ ಅಂಟಿಸಿದ ಹಾಗಿದೆಯಲ್ಲ!” ಎಂದರು ಸ್ಟಾಫ್ ರೂಮಿನ ಗೆಳತಿ. ಎರಡು ದಿನ ನಾನು ಮಾತು ಬಿಟ್ಟೆ.

ವ್ಯಾನ್ ಗೋ ನೆನಪಾದ. 27ರ ವಯಸ್ಸಿನಲ್ಲಿ ಚಿತ್ರ ಕಲಿಯಲು ಕೂತವನು, ಬಾರ್ಗ್‌ನ ಅಭ್ಯಾಸದ ಹಾಳೆಗಳನ್ನು ಮತ್ತೆ ಮತ್ತೆ ನಕಲು ಮಾಡಿದವನು. 1884-85ರ ಚಳಿಗಾಲದಲ್ಲಿ ಹಾಲೆಂಡಿನ ನ್ಯೂನೆನ್ ಹಳ್ಳಿಯ ರೈತರ ಮುಖಗಳನ್ನೇ ಸುಮಾರು 40 ಬರೆದ. ಆಮೇಲೆ ಬಂತು ‘ಆಲೂಗಡ್ಡೆ ತಿನ್ನುವವರು’. ಅದರ ಕಲ್ಲಚ್ಚಿನ ಪ್ರತಿ ನೋಡಿದ ಗೆಳೆಯ ರಾಪಾರ್ಡ್, ಬಲಗಡೆಯ ಗಂಡಸಿಗೆ ಮೊಣಕಾಲು, ಹೊಟ್ಟೆ ಇರಬಾರದೇ, ತೋಳೇಕೆ ಇಷ್ಟು ಗಿಡ್ಡ ಎಂದು ಕೇಳಿದ. ವಿನ್ಸೆಂಟ್ ಆ ಕಾಗದವನ್ನೇ ವಾಪಸು ಕಳಿಸಿಬಿಟ್ಟ!

ಚಿತ್ರ ತೆಗೆದು ನೋಡಿ, ತೋಳು ಗಿಡ್ಡವೇ. ಆದರೆ ಮಣ್ಣು ಅಗೆದ ಅವೇ ಗಂಟುಗಂಟು ಕೈಗಳು ತಟ್ಟೆಗೆ ಬಂದಿರುವುದು ರಾಪಾರ್ಡನ ಕಣ್ಣಿಗೆ ಬೀಳಲಿಲ್ಲ. ಕೆಂಪು ಶಾಯಿ ಹಿಡಿದ ನಾನೂ ಎಷ್ಟು ಮಕ್ಕಳಿಗೆ ಹೀಗೆ ಮಾಡಿದ್ದೇನೋ! ಅದೇ ತನ್ನ ಅತ್ಯುತ್ತಮ ಕೃತಿಯೆಂದು 1887ರಲ್ಲಿ ತಂಗಿಗೆ ಬರೆದ ವಿನ್ಸೆಂಟ್, ಸಾಯುವ ವರ್ಷ 1890ರಲ್ಲಿ ಬಾರ್ಗ್‌ನ ಹಾಳೆಗಳನ್ನು ಕಳಿಸೆಂದು ತಮ್ಮನನ್ನು ಕೇಳಿದ್ದ.

ಮೂರನೆಯ ದಿನ ಗೆಳತಿಯನ್ನೇ ಎದುರಿಗೆ ಕೂರಿಸಿ ಅವರ ಕೈ ಬರೆದೆ. ಬೆರಳುಗಳು ಸದ್ಯಕ್ಕೆ ಬೆಂಡೆಕಾಯಿ.