ಗೋಷ್ಠಿಯಲ್ಲಿ ಕೇಳುವವರು ಯಾರು?

ಮುಸ್ಲಿಮರ ಸ್ಥಿತಿಗತಿಗಳನ್ನು ಕುರಿತ ವಿಚಾರಗೋಷ್ಠಿಯ ರೂಪ ಓದುಗರಿಗೆ ಪರಿಚಿತವಾದದ್ದೇ. ಶಾಸಕರು ಉದ್ಘಾಟಿಸುತ್ತಾರೆ, ಸಾಮರಸ್ಯವನ್ನು ಕುರಿತು ನಾಲ್ಕು ಮಾತನಾಡಿ, ಹಾರ ಹಾಕಿಸಿಕೊಂಡು, ಬೇರೆ ಕಾರ್ಯಕ್ರಮವಿದೆಯೆಂದು ಹೊರಟುಬಿಡುತ್ತಾರೆ. ಅಧಿಕಾರಿಗಳೂ ಅವರ ಹಿಂದೆಯೇ. ಆಮೇಲೆ ಓದುವ ಪ್ರಬಂಧಗಳು ಎಷ್ಟೇ ಚೆನ್ನಾಗಿರಲಿ, ಕೇಳಬೇಕಾದವರು ಅಲ್ಲಿರುವುದಿಲ್ಲ.

ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯೊಂದಿತ್ತು. ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕಿನವರು ಅಹವಾಲು ಹೇಳುವುದು, ದಿವಾನರು ಕೇಳುವುದು. ಆದರೆ ಮೊದಲಿಗೆ ಅಲ್ಲಿಗೆ ಬಂದವರು ಜಮೀನುಳ್ಳವರು, ವರ್ತಕರು. ಮಸೀದಿಯ ಬಾಗಿಲಲ್ಲಿ ಕುಳಿತ ಹೆಣ್ಣಿನ ಅಹವಾಲು ಅಲ್ಲಿಗೂ ತಲುಪುವಂತಿರಲಿಲ್ಲ.

ಆ ಹೆಣ್ಣನ್ನು ನಾವು ಹಾಸನದ ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆಯಲ್ಲಿ ಕಾಣುತ್ತೇವೆ. ಗಿರೀಶ ಕಾಸರವಳ್ಳಿಯವರು 2004ರಲ್ಲಿ ಇದನ್ನೇ 'ಹಸೀನಾ' ಚಿತ್ರವಾಗಿಸಿದರು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಸಂಕಲನದಲ್ಲಿಯೂ ಇದು ಸೇರಿದೆ. ಗಂಡ ಕೈಬಿಟ್ಟ, ಹೆಣ್ಣುಮಕ್ಕಳ ತಾಯಿಯೊಬ್ಬಳು ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ಅವನು ಕೇಳಿಸಿಕೊಳ್ಳುವುದಿಲ್ಲ; ಕಾಯಿಲೆಯ ಕೂಸು ಉಳಿಯುವುದಿಲ್ಲ. ಸರ್ಕಾರದವರು ಇಲ್ಲಿ ಕಲಿಯಬೇಕಾದ ಪಾಠ ದೊಡ್ಡದು. ಮುಸ್ಲಿಮರ ಅಭಿಪ್ರಾಯ ಪಡೆಯುವುದೆಂದರೆ ಅವರಿಗೆ ಕಮಿಟಿಯ ಹಿರಿಯರನ್ನು ಕರೆಸುವುದೆಂದೇ ಅರ್ಥ. ಯಾರ ಮೇಲೆ ದೂರೋ ಅವರೇ ದೂರುದಾರರ ಪ್ರತಿನಿಧಿಗಳಾಗಿ ಬಂದು ಕೂಡುತ್ತಾರೆ!

ಈ ಕಥೆಯನ್ನು ಒಂದು ಧರ್ಮದ ಮೇಲಿನ ಆರೋಪಪಟ್ಟಿಯಂತೆ ಓದುವವರೂ ಉಂಟು. ಅವರು ಕಥೆಯನ್ನು ಅರ್ಧ ಮಾತ್ರ ಓದಿದವರು. ಆ ತಾಯಿಗೆ ಅವಳ ಹಕ್ಕನ್ನು ತಿಳಿಸಿಕೊಡುವ ವಿದ್ಯಾವಂತ ಹೆಣ್ಣು ಅದೇ ಧರ್ಮದ ಮಾತುಗಳನ್ನು ಆಧಾರವಾಗಿ ಹಿಡಿದೇ ವಾದಿಸುತ್ತಾಳೆ. ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಕಾಸರಗೋಡಿನ ಮನೆಯೇ ಬೇರೆ, ಭಾಷೆಯೇ ಬೇರೆ. 'ಮುಸ್ಲಿಂ ಸಮಸ್ಯೆ' ಎಂಬ ಒಂದೇ ಶೀರ್ಷಿಕೆಯ ಕೆಳಗೆ ಇವೆಲ್ಲ ಹೇಗೆ ಹಿಡಿಸಬೇಕು? 2006ರ ಸಾಚಾರ್ ಸಮಿತಿಯ ವರದಿ ಶಿಕ್ಷಣ, ಉದ್ಯೋಗ, ಬ್ಯಾಂಕ್ ಸಾಲಗಳ ಲೆಕ್ಕ ಕೊಟ್ಟಿದೆ; ಅದು ಬೇಕು. ಮನೆಯೊಳಗಿನ ಮಾತಿಗೆ ಮಾತ್ರ ಕಥೆಗಾರರನ್ನೇ ಕೇಳಬೇಕು.

ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಈ ಅಗತ್ಯ ಇನ್ನೂ ಹೆಚ್ಚು. ಶ್ರೀರಂಗಪಟ್ಟಣದಲ್ಲಿ ಮುಸ್ಲಿಮರ ಮಾತೆತ್ತಿದರೆ ಟಿಪ್ಪುವಿನ ಪರ-ವಿರೋಧದಲ್ಲೇ ಹೊತ್ತು ಮುಳುಗುತ್ತದೆ. 1799ರಲ್ಲಿ ಮಡಿದವನಿಗೆ ಪಡಿತರ ಚೀಟಿ ಬೇಕಾಗಿಲ್ಲ. ಗಂಜಾಮಿನ ವಿಧವೆಗೆ ಬೇಕು. ನಾಗಮಂಗಲದಲ್ಲಿ 2024ರ ಸೆಪ್ಟೆಂಬರಿನ ಗಣೇಶ ಮೆರವಣಿಗೆಯ ರಾತ್ರಿ ಅಂಗಡಿಗಳು ಉರಿದವು. ಇಂಥದ್ದು ನಡೆದ ಮೇಲೆ ಕರೆಯುವ ಶಾಂತಿಸಭೆಗೂ ಹಿರಿಯರಿಗೇ ಆಹ್ವಾನ. ಸುಟ್ಟ ಅಂಗಡಿಯವನ ಹೆಂಡತಿಗೆ ಕುರ್ಚಿಯಿಲ್ಲ.

ಪಾಂಡವಪುರದಲ್ಲೋ ಕೃಷ್ಣರಾಜಪೇಟೆಯಲ್ಲೋ ಇಂಥ ಗೋಷ್ಠಿ ಏರ್ಪಡಿಸುವವರು ಉದ್ಘಾಟನೆಯನ್ನೇ ಬಿಟ್ಟುಬಿಡಲಿ. ಮೊದಲು 'ಕರಿ ನಾಗರಗಳು' ಕಥೆಯನ್ನು ಗಟ್ಟಿಯಾಗಿ ಓದಿಸಲಿ; ಆಮೇಲೆ ಊರ ಹೆಂಗಸರು ಮಾತನಾಡಲಿ. ಶಾಸಕರಿಗೂ ತಹಸೀಲ್ದಾರರಿಗೂ ವೇದಿಕೆಯ ಕೆಳಗೆ, ಮೊದಲ ಸಾಲಿನಲ್ಲಿ ಜಾಗವಿರಲಿ. ಅವರ ಭಾಷಣ ಕಾರ್ಯಕ್ರಮದ ಕಟ್ಟಕಡೆಗೆ.